ಊರೂಟದ ಕೊಪ್ಪರಿಗೆಯಲ್ಲಿ ಒಂದು ಮಧ್ಯಾಹ್ನ

ಪಾತ್ರೆ ತೊಳೆಯುವಾಗ ನನಗೊಂದು ಚಟವಿದೆ. ಬಕೆಟ್ಟಿನ ನೀರಿನ ಮೇಲೆ ಸ್ಟೀಲಿನ ಬಟ್ಟಲನ್ನು ಮೆಲ್ಲಗೆ ಇಟ್ಟು, ಅಂಚಿಗೆ ಬೆರಳು ತಾಗಿಸಿ ಒಂದು ಸುತ್ತು ತಿರುಗಿಸಿ ಬಿಡುತ್ತೇನೆ. ಅದು ಸುತ್ತುತ್ತ ಸುತ್ತುತ್ತ ಆಚೆ ದಂಡೆಗೆ ಹೋಗಿ, ಟಿಣ್ ಎಂದು ತಾಗಿ, ಏನೋ ಮರೆತು ಬಂದವರ ಹಾಗೆ ಹಿಂದಿರುಗುತ್ತದೆ. ಬಳ್ಳಾರಿಯ ಈ ಬಾಡಿಗೆ ರೂಮಿನಲ್ಲಿ ನನ್ನ ಜೊತೆಗಿರುವ ಹಡಗಲಿಯ ಹುಡುಗಿ ಇದನ್ನು ಮೊದಲ ಸಲ ನೋಡಿದಾಗ, "ನಳ ಬರೋದ ಅರ್ಧ ತಾಸು. ನೀ ನೋಡಿದ್ರ ಆಟಕ್ಕ ಕುಂತಿಯಲ್ಲಲೇ!" ಎಂದು ಬೈದಳು. ನಾನು ಸುಮ್ಮನಿರುವ ಪೈಕಿಯಲ್ಲ. ತೇಲಿಸಿ ನೋಡಿದರೆ ಬಟ್ಟಲಿನಲ್ಲಿ ತೂತಿದೆಯೋ ಇಲ್ಲವೋ ಗೊತ್ತಾಗುತ್ತದೆ ಎಂದು ವಾದ ಹೂಡಿದೆ. "ಬೆಳಿಗ್ಗಿ ಅದ್ರಾಗ ಸಾರು ಉಂಡೀವಲ್ಲ, ಸೋರಿತ್ತೇನು?" ಎಂದಳು. ಚರ್ಚಾಸ್ಪರ್ಧೆಗಳಲ್ಲಿ ಪರ ಎಂದರೆ ಪರ, ವಿರೋಧ ಎಂದರೆ ವಿರೋಧ ಮಾತಾಡಿ ಕಪ್ಪುಗಳನ್ನು ಹೊತ್ತು ತಂದ ನಾನು ಆ ಒಂದು ಸಾರಿನ ಬಟ್ಟಲಿಗೆ ಸೋತೆ. ನಿಜವಾದ ಕಾರಣ ಹೇಳಬಹುದಿತ್ತು. ಆದರೆ ಅದಕ್ಕೆ ಅರ್ಧ ತಾಸಿನ ನೀರು ಸಾಲುತ್ತಿರಲಿಲ್ಲ.

ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಕಾನಹೊಸಹಳ್ಳಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ನಮ್ಮೂರು. ಹೆಸರು ಬೇಡ, ನಮ್ಮ ರೇಷನ್ ಕಾರ್ಡು ಇನ್ನೂ ಅಲ್ಲೇ ಇದೆ. ಊರಿಗೊಂದು ದೊಡ್ಡ ಕೆರೆ ಇತ್ತು, ಕೆರೆಯಲ್ಲಿ ನೀರಿರಲಿಲ್ಲ. ಈ ಮಾತಿನಲ್ಲಿ ಏನೋ ತಪ್ಪಿದೆ ಅನ್ನಿಸಿದವರು ನಮ್ಮ ಕಡೆಯವರಲ್ಲ ಎಂದು ತಿಳಿದುಕೊಳ್ಳಬಹುದು. ಕೆರೆ ಎಂದರೆ ನಮಗೆ ಮೈದಾನ. ಅದರ ನಟ್ಟನಡುವೆ ನಮ್ಮ ಕ್ರಿಕೆಟ್ ಪಿಚ್ಚು. ಪಿಚ್ಚಿನ ಪಕ್ಕದಲ್ಲಿ ಆಚೆ ಹೊಲಗಳಿಗೆ ಹೋಗುವ ಬಂಡಿ ಜಾಡು. ಅಲ್ಲಲ್ಲಿ ಜಾಲಿ ಗಿಡಗಳು. ಚೆಂಡು ಅದರೊಳಗೆ ಹೋದರೆ ಔಟು, ತರಲು ಹೋದವನ ಅಂಗಿಯೂ ಔಟು. ನಾನು ತುಂಬಿದ ಕೆರೆಯನ್ನು ನೋಡಿದ್ದು ಮೂರನೇ ಕ್ಲಾಸಿನ ಪುಸ್ತಕದಲ್ಲಿ. ಅದರಲ್ಲಿ ಒಂದು ಹಂಸವೂ ಇತ್ತು. ಹಂಸದ ಬಗ್ಗೆ ನನಗೆ ಅಂದೇ ಅನುಮಾನ ಬಂದಿತ್ತು.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಪಿಚ್ಚಿಲ್ಲ, ಜಾಡಿಲ್ಲ, ಜಾಲಿ ಗಿಡಗಳು ಕುತ್ತಿಗೆಯವರೆಗೆ ಮುಳುಗಿ ತಲೆ ಮಾತ್ರ ಹೊರಗಿಟ್ಟು ನಿಂತಿವೆ. ನಾಲ್ಕು ದಿನಕ್ಕೆ ಕೋಡಿ ಬಿತ್ತು. ಊರಿನವರು ಏರಿಯ ಮೇಲೆ ಸಾಲಾಗಿ ಕೂತು, ಸುಮ್ಮನೆ, ಟಿವಿ ನೋಡುವ ಹಾಗೆ ನೀರು ನೋಡಿದರು. ಹೆಣ್ಣು ನೋಡಲು ಬರುವವರಂತೆ ಬೇರೆ ಊರುಗಳಿಂದ ಬೀಗರು ಬಂದು, ಚಹ ಕುಡಿದು, ಕೆರೆಯನ್ನು ಒಪ್ಪಿ ಹೋದರು.

ಒಂದೇ ಒಂದು ಕೊರತೆಯೆಂದರೆ, ಅಷ್ಟು ನೀರನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಊರಿನಲ್ಲಿ ಹರಿಗೋಲಿರಲಿಲ್ಲ, ತೆಪ್ಪವಿರಲಿಲ್ಲ. ಆ ಕೊರತೆಯನ್ನು ತುಂಬಿದವರು ನಾವು ಮೂವರು.

ಮೊದಲನೆಯವನು ಕೊಟ್ರೇಶ. ಕೊಟ್ಟೂರು ಸೀಮೆಯ ಯಾವ ಶಾಲೆಗೆ ಹೋಗಿ ಕೊಟ್ರೇಶ ಎಂದು ಕೂಗಿದರೂ ಒಂದೊಂದು ಕ್ಲಾಸಿನಲ್ಲಿ ನಾಲ್ಕು ಜನ ಎದ್ದು ನಿಲ್ಲುತ್ತಾರೆ. ನಮ್ಮವನನ್ನು ಗುರುತಿಸಲು ಸಿಂಬಳದ ಕೊಟ್ರೇಶ ಎನ್ನುತ್ತಿದ್ದೆವು. ಈಗ ಅವನು ಕೊಟ್ಟೂರಿನಲ್ಲಿ ಟೈಲ್ಸ್ ಅಂಗಡಿಯ ಮಾಲೀಕ. ಇದನ್ನು ಓದಿದ ಕೂಡಲೇ ಫೋನು ಮಾಡುತ್ತಾನೆ. ಎರಡನೆಯವನು ಪಂಕ್ಚರ್ ಅಂಗಡಿಯ ಸಾಬರ ಮಗ ಮಾಬು. ಹೊಳೆದಂಡೆಯ ಹಂಪಸಾಗರದಲ್ಲಿ ಅವನ ಖಾಲಾ, ಅಂದರೆ ತಾಯಿಯ ತಂಗಿ, ಇದ್ದಳು, ಅಲ್ಲಿ ಅವನು ಹರಿಗೋಲನ್ನು ಕಣ್ಣಾರೆ ಕಂಡಿದ್ದ. ಕಂಡಿದ್ದ, ಅಷ್ಟೇ, ಹತ್ತಿರಲಿಲ್ಲ. ಆದರೂ ನೀರಿನ ವಿಷಯದಲ್ಲಿ ನಮ್ಮೂರಿನ ಏಕೈಕ ಪಂಡಿತ ಅವನೇ. ಮೂರನೆಯವಳು ನಾನು, ಬಸ್ ಕಂಡಕ್ಟರ್ ದುರುಗಪ್ಪನ ಮಗಳು ಸುಜಾತ. ಅವರಿಬ್ಬರ ಬಾಯಲ್ಲಿ ವಕೀಲಮ್ಮ.

ಕೋಡಿ ಬಿದ್ದ ಸಂತೋಷಕ್ಕೆ ಗಂಗಮ್ಮನ ಪೂಜೆ ಮಾಡಿ, ಕೆರೆಗೆ ಬಾಗಿನ ಬಿಟ್ಟು, ಏರಿಯ ಮೇಲೆ ಊರೂಟ ಹಾಕಿಸುವುದೆಂದು ದೈವದವರು ತೀರ್ಮಾನಿಸಿದರು. ದೈವವೆಂದರೆ ನಮ್ಮ ಕಡೆ ದೇವರಲ್ಲ, ಕಟ್ಟೆಯ ಮೇಲೆ ಕೂತು ಊರಿನ ತೀರ್ಮಾನ ಮಾಡುವ ಹಿರಿಯರು. ಊರೂಟವೆಂದರೆ ಗೋಧಿ ಹುಗ್ಗಿ. ಗೋಧಿ ಹುಗ್ಗಿಯೆಂದರೆ ದೈವದ ತಾಮ್ರದ ಕೊಪ್ಪರಿಗೆ. ಅದರಲ್ಲಿ ಇಡೀ ಊರಿಗೆ ಆಗಿ ಮಿಗುವಷ್ಟು ಹುಗ್ಗಿ ಕುದಿಯುತ್ತಿತ್ತು. ಇಬ್ಬರು ಗಂಡಸರು ಎರಡು ಕಡೆಯ ಕಡಗ ಹಿಡಿದು ಎತ್ತಿದರೂ ಉಸ್ಸೆನ್ನಬೇಕು.

ಈ ಕೊಪ್ಪರಿಗೆ, ಜೊತೆಗೆ ಹಂಡೆ, ಸೌಟು, ಪರಾತಗಳೆಲ್ಲ ಇದ್ದ ಕೋಣೆಯ ಕೀಲಿ ಕೊಟ್ರೇಶನ ಅಜ್ಜಿ ಹಾಲಮ್ಮನ ಸೊಂಟದಲ್ಲಿತ್ತು. ಗಂಡ ಸತ್ತ ಮೇಲೆ ಅವನು ನೋಡಿಕೊಳ್ಳುತ್ತಿದ್ದ ಕೆಲಸ ಅವಳಿಗೆ ಬಂದಿತ್ತು. ಯಾರ ಮನೆಯಲ್ಲಿ ಮದುವೆಯಾದರೂ ಮೊದಲು ಎಲೆ ಅಡಿಕೆ ಹಿಡಿದು ಅವಳ ಬಾಗಿಲಿಗೆ ಬರಬೇಕು. ಗಂಡ ಸತ್ತವಳನ್ನು ಶುಭಕಾರ್ಯಕ್ಕೆ ಮುಂದೆ ಕರೆಯದ ಊರಿನಲ್ಲಿ, ಆ ಕೀಲಿಯೊಂದರಿಂದ ಅವಳು ಎಲ್ಲ ಮದುವೆಯಲ್ಲೂ ಮೊದಲು ಕರೆಸಿಕೊಳ್ಳುವವಳಾಗಿದ್ದಳು. ದೈವದ ಹಿರಿಯರಾದ ಶೇಖರಪ್ಪನವರಿಗೆ ಅದು ತಮ್ಮ ತಮ್ಮನ ಮಗನಿಗೆ ಸಿಗಲಿ ಎಂದಿತ್ತು. ಒಂದು ಪರಾತ ಕಳೆದರೆ ಸಾಕು, ಒಂದು ಹಂಡೆ ನೆಗ್ಗಿದರೆ ಸಾಕು ಎಂದು ಕಾಯುತ್ತಿದ್ದಾರೆ ಎಂದು ಕೊಟ್ರೇಶನ ಮನೆಯಲ್ಲಿ ದಿನಾ ಮಾತು.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ನಾವು ಬೌದ್ಧರು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು, ಅಪ್ಪನಿಗೆ ಸರ್ಕಾರಿ ಸಂಬಳವಿತ್ತು. ಊರಿನ ಲೆಕ್ಕದಲ್ಲಿ ಮಾತ್ರ ನಾವು ಏರಿಯ ಆಚೆಯ ಓಣಿಯವರೇ. ಆ ಕೊಪ್ಪರಿಗೆಯ ಹುಗ್ಗಿಯನ್ನು ನಾವೂ ಉಣ್ಣುತ್ತಿದ್ದೆವು, ಕೊನೆಯ ಪಂಕ್ತಿಯಲ್ಲಿ, ಆಲದ ಮರದ ಆಚೆ. ಕೊಪ್ಪರಿಗೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮುಟ್ಟಬೇಡಿ ಎಂದು ಯಾರೂ ಬೋರ್ಡು ಹಾಕಿರಲಿಲ್ಲ. ಬೋರ್ಡು ಇಲ್ಲದ ಕಡೆ ನಿಯಮ ಇನ್ನೂ ಗಟ್ಟಿಯಾಗಿರುತ್ತದೆ.

ಊರೂಟದ ಹಿಂದಿನ ದಿನ ಕೊಪ್ಪರಿಗೆಯನ್ನು, ಜೊತೆಗೆ ಹುಟ್ಟು, ಜಾರಿಗಳನ್ನು ಟ್ರ್ಯಾಕ್ಟರಿನಲ್ಲಿ ತಂದು, ತೊಳೆಯಲೆಂದು ನೀರಿನ ಅಂಚಿನಲ್ಲಿ ಇಳಿಸಿ ಹೋದರು. ಹಾಲಮ್ಮಜ್ಜಿ ಮೊಮ್ಮಗನನ್ನು ಕಾವಲಿಗೆ ಕೂರಿಸಿ, ಹುಣಸೆಹಣ್ಣು, ಬೂದಿ ತರಲು ಮನೆಗೆ ಹೋದಳು. ಮಧ್ಯಾಹ್ನ. ಏರಿಯ ಮೇಲಿನ ಪ್ರೇಕ್ಷಕರೆಲ್ಲ ಊಟಕ್ಕೆ ಹೋಗಿದ್ದರು. ಕಾವಲಿಗೆ ಕಾವಲಾಗಿ ನಾನೂ ಮಾಬುವೂ ಬಂದು ಕೂತೆವು.

ನನ್ನ ಜೀವನದ ಮೊದಲ ಚರ್ಚಾಸ್ಪರ್ಧೆ ನಡೆದದ್ದು ಅಲ್ಲಿ.

"ಮಾಬು, ಹರಿಗೋಲು ಹೆಂಗಿರತೈತಿ?" ಎಂದೆ.

"ದುಂಡಗ."

"ಈ ಕೊಪ್ಪರಿಗಿ ಹೆಂಗೈತಿ?"

"ದುಂಡಗೈತಿ."

"ಮತ್ತ?" ಎಂದು ಕೊಟ್ರೇಶನ ಕಡೆ ತಿರುಗಿದೆ.

"ಮತ್ತ ಏನು? ರೊಟ್ಟೀನೂ ದುಂಡಗೈತಿ. ಅದರ ಮ್ಯಾಲೆ ಕುಂತು ಹೋಗು," ಎಂದ ಕೊಟ್ರೇಶ.

ಪ್ರತಿವಾದ ಬಲವಾಗಿತ್ತು. ಆದರೆ ನಾನು ಬಿಡಲಿಲ್ಲ. ರೊಟ್ಟಿಗೆ ಗೋಡೆ ಇಲ್ಲ, ಕೊಪ್ಪರಿಗೆಗೆ ಇದೆ. ಹುಗ್ಗಿ ಹೊರಗೆ ಬಾರದ ಮೇಲೆ ನೀರು ಒಳಗೆ ಹೇಗೆ ಬರುತ್ತದೆ? ಹೇಗೂ ತೊಳೆಯಲಿಕ್ಕೇ ತಂದದ್ದು, ನೀರಿಗೆ ಇಳಿಸಿದರೆ ಅರ್ಧ ಕೆಲಸ ಮುಗಿದಂತೆ, ಅಜ್ಜಿಗೆ ಸಹಾಯ. "ಅಜ್ಜಿಗೆ ಸಹಾಯ" ಎಂಬಲ್ಲಿ ಕೊಟ್ರೇಶ ಸ್ವಲ್ಪ ಸಡಿಲಾದ. "ಒಂದು ಗೀರು ಬಿದ್ರ ಕೀಲಿ ಹೋಗತೈತಿ ಲೇ," ಎಂದ. "ನೀರು ಗೀರತೈತೇನು?" ಎಂದೆ. ಅವನು ಮೂಗೊರೆಸಿಕೊಂಡು ಎದ್ದ.

ಇವತ್ತು ನನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡು ಕೇಳುತ್ತೇನೆ: ನಿನಗೆ ಬೇಕಾಗಿದ್ದದ್ದು ದೋಣಿಯೋ, ಆ ಕೊಪ್ಪರಿಗೆಯ ಒಳಗೆ ಕೂರುವುದೋ? ಸಾಕ್ಷಿ ನುಣುಚಿಕೊಳ್ಳುತ್ತಾಳೆ.

ದೂಡಿದೆವು. ಅದು ಮರಳಿನಲ್ಲಿ ಕರ್ರೆಂದು ಜಾರಿ, ಒಮ್ಮೆ ತಲೆದೂಗಿ, ತೇಲಿತು. ನಿಜವಾಗಿ ತೇಲಿತು! ತರ್ಕದಿಂದ ಹೇಳಿದ್ದು ಕಣ್ಣೆದುರಿಗೆ ಆಗಿಬಿಟ್ಟಾಗ ಹೇಳಿದವರಿಗೇ ಎಷ್ಟು ಆಶ್ಚರ್ಯವಾಗುತ್ತದೆ ಎಂಬುದನ್ನು ತರ್ಕಶಾಸ್ತ್ರದಲ್ಲಿ ಯಾರೂ ಬರೆದಂತಿಲ್ಲ. ಒಬ್ಬೊಬ್ಬರಾಗಿ ಹತ್ತಿ, ತಳದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಹುಗ್ಗಿ ತಿರುವುವ ಕಟ್ಟಿಗೆಯ ಹುಟ್ಟನ್ನು ಕೊಟ್ರೇಶ ಹಿಡಿದ. ಮಾಬು ಹಿಡಿದದ್ದು ಮಿರ್ಚಿ ಎತ್ತುವ ತೂತಿನ ಜಾರಿ. ಅದನ್ನು ಅದ್ದಿ ಎಳೆದಾಗೆಲ್ಲ ನೀರು ತೂತುಗಳಿಂದ ಸೋರಿಹೋಗುತ್ತಿತ್ತು. "ನಂದು ಎಷ್ಟು ಹಗೂರ ಬರಾಕ ಹತ್ತೇತಿ ನೋಡ್ರಲೇ, ನಿಮಗ ಹುಟ್ಟು ಹಾಕಾಕ ಬರಂಗಿಲ್ಲ," ಎಂದು ಆ ಪಂಡಿತ ಕೊಟ್ರೇಶನನ್ನು ಹೀಯಾಳಿಸಿದ. ಒಂದು ಕಡೆ ಮಾತ್ರ ಹುಟ್ಟು ಬಿದ್ದದ್ದರಿಂದ ಕೊಪ್ಪರಿಗೆ ಮುಂದೆ ಹೋಗಲಿಲ್ಲ, ಸುತ್ತತೊಡಗಿತು.

ಮೊದಲು ಏರಿ ಬಂತು, ಆಮೇಲೆ ಆಲದ ಮರ, ಆಮೇಲೆ ಬರೀ ನೀರು, ಆಮೇಲೆ ದೂರದ ಗುಡ್ಡ, ಮತ್ತೆ ಏರಿ. ಪ್ರತಿ ಸುತ್ತಿಗೂ ಏರಿ ಒಂದಿಷ್ಟು ಸಣ್ಣದಾಗಿ ಬರುತ್ತಿತ್ತು. ಗಾಳಿ ನಮ್ಮನ್ನು ಹಗುರಾಗಿ ಒಳಕ್ಕೆ ಒಯ್ಯುತ್ತಿದೆಯೆಂದು ನಮಗೆ ತಿಳಿಯಲಿಲ್ಲ. ತಿಳಿದಿದ್ದರೂ ಬೇಡವೆನ್ನುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಹುಟ್ಟು ಹಾಕುವುದನ್ನು ಬಿಟ್ಟು ಮೂವರೂ ಹಿಂದಕ್ಕೊರಗಿದೆವು. ಕೊಪ್ಪರಿಗೆಯ ತಳದಿಂದ ನೋಡಿದರೆ ಲೋಕದಲ್ಲಿ ಬೇರೇನೂ ಇಲ್ಲ. ಒಂದು ತಾಮ್ರದ ಬಳೆ, ಅದರೊಳಗೆ ಆಕಾಶ. ಮೋಡವೊಂದು ಬಳೆಯ ಈ ಅಂಚಿನಿಂದ ಬಂದು ಆ ಅಂಚಿಗೆ ಹೋಗುವಷ್ಟರಲ್ಲಿ ನಾವು ಒಂದು ಸುತ್ತು ತಿರುಗಿರುತ್ತಿದ್ದೆವು. ಹಾಗಾಗಿ ಅದು ಎಲ್ಲಿಗೂ ಹೋಗದೆ ನಮ್ಮ ಮೇಲೆಯೇ ಗಿರಕಿ ಹೊಡೆಯುತ್ತಿತ್ತು. ಸಣ್ಣ ಅಲೆಗಳು ಹೊರಗಿನಿಂದ ತಟ್ಟಿದರೆ ತಾಮ್ರ ಗುಂಯ್ ಎನ್ನುತ್ತಿತ್ತು. ಆ ಗುಂಯ್ ಕಿವಿಗಿಂತ ಮೊದಲು ಬೆನ್ನಿಗೆ ಕೇಳಿಸುತ್ತಿತ್ತು. ಎಷ್ಟೋ ಮದುವೆಗಳ ಬೆಲ್ಲದ, ಏಲಕ್ಕಿಯ ವಾಸನೆ ಅದರ ಮೈಯಲ್ಲಿ ಉಳಿದಿತ್ತು. ಮಾತಾಡಿದರೆ ಮಾತು ದಪ್ಪಗಾಗಿ ನಮಗೇ ವಾಪಸು ಬರುತ್ತಿತ್ತು. ಹಾಗಾಗಿ ಪಿಸುಗುಟ್ಟಿದೆವು.

"ಈಗ ಕೆಳಗ ಪಿಚ್ ಬಂತು," ಎಂದ ಮಾಬು.

ನಾನು ಅಂಚಿಗೆ ಗಲ್ಲ ಊರಿ ಇಣುಕಿದೆ. ಕೆಮ್ಮಣ್ಣಿನ ನೀರು, ಏನೂ ಕಾಣುತ್ತಿರಲಿಲ್ಲ. ಆದರೂ ಕಂಡಿತು. ಸ್ಟಂಪಿಗೆ ನೆಟ್ಟಿದ್ದ ಮೂರು ಕೋಲು, ಬೌಲರ್ ಓಡಿಬರುವ ಹಾದಿ, ನಾನು ಔಟೋ ನಾಟೌಟೋ ಎಂದು ಮೂರು ದಿನ ಜಗಳ ನಡೆದಿದ್ದ ಜಾಗ. ಎಲ್ಲ ಅಲ್ಲೇ ಕೆಳಗೆ, ಇದ್ದಲ್ಲೇ ಇದ್ದವು. ಬೇಸಿಗೆಯಲ್ಲಿ ನಾವು ಚೆಂಡನ್ನು ಮೇಲಕ್ಕೆ ಹೊಡೆದು ತಲೆಯೆತ್ತಿ ನೋಡುತ್ತಿದ್ದ ಬಯಲಿನಲ್ಲಿ ಈಗ ನಾವೇ ತೇಲುತ್ತಿದ್ದೆವು. ಹಕ್ಕಿಗಳು ನಮ್ಮನ್ನು ನೋಡುವುದು ಹೀಗೇ ಇರಬೇಕು ಅನ್ನಿಸಿತು. ಜಾಲಿಯ ತಲೆಯ ಮೇಲೆ ಕೂತ ಒಂದು ಕೊಕ್ಕರೆ ನಮ್ಮನ್ನು ಬಹಳ ಹೊತ್ತು ನೋಡಿತು. ಆಗ ಅದರ ಮುಖದಲ್ಲಿ ನಾನು ಕಂಡ ಭಾವವನ್ನು ಮುಂದೆ ಅನೇಕ ತೀರ್ಪುಗಾರರ ಮುಖದಲ್ಲಿ ಕಂಡಿದ್ದೇನೆ.

ಎಷ್ಟು ಹೊತ್ತು ಹೀಗಿದ್ದೆವೋ. ಮಾಬುವನ್ನು ಕೇಳಿದರೆ ಎರಡು ತಾಸು ಎನ್ನುತ್ತಾನೆ. ಕೊಟ್ರೇಶ ಹತ್ತು ನಿಮಿಷ ಎನ್ನುತ್ತಾನೆ. ನಾನು ಸ್ವಭಾವದಿಂದ ಯಾವುದನ್ನೂ ಪುರಾವೆ ಇಲ್ಲದೆ ನಂಬುವವಳಲ್ಲ. ಆದರೆ ಆ ಮಧ್ಯಾಹ್ನದ ಅಳತೆಯನ್ನು ಯಾರು ಎಷ್ಟು ಹೇಳಿದರೂ ಒಪ್ಪಿಕೊಳ್ಳುತ್ತೇನೆ.

ಎಚ್ಚರವಾದದ್ದು ಖಡಲ್ ಎಂಬ ಸದ್ದಿಗೆ. ಕೊಪ್ಪರಿಗೆಯ ಕಡಗ ಒಂದು ಜಾಲಿಯ ಕೊಂಬೆಗೆ ಸಿಕ್ಕಿಕೊಂಡಿತ್ತು. ಬಿಡಿಸಲು ಮಾಬು ಎದ್ದು ನಿಂತ; ಕೊಪ್ಪರಿಗೆ ಓರೆಯಾಗಿ ಗಳಕ್ಕನೆ ನೀರು ಒಳಗೆ ಬಂತು. "ಕುಂದ್ರಲೇ!" ಎಂದು ನಾವಿಬ್ಬರೂ ಚೀರಿದೆವು. ಅವನು ಧೊಪ್ಪನೆ ಕೂತ. ಇನ್ನಷ್ಟು ನೀರು ಬಂತು. ಆಮೇಲೆ ಯಾರೂ ಅಲುಗಾಡಲಿಲ್ಲ. ಕೊಟ್ರೇಶ ಅಳತೊಡಗಿದ. "ಮುಳುಗತೈತಿ. ಅಜ್ಜಿ ಕೀಲಿ ಹೋತು. ಶೇಖರಪ್ಪಗ ಹಬ್ಬ." ಕೊಪ್ಪರಿಗೆ ಮುಳುಗಿದರೆ ನಾವೂ ಅದರೊಳಗೇ ಇರುತ್ತೇವೆಂಬುದು ಅವನಿಗೆ ಹೊಳೆಯಲೇ ಇಲ್ಲ. ನಾನು ಅಂಗೈಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತ ಕೂತೆ.

ಆಗ ಮಾಬು ಪಿಸುಗುಟ್ಟಿದ. "ಅಲ್ಲಿ ನೋಡ್ರಲೇ."

ಕೆರೆಯ ಮೇಲೆ ಹಾಲಮ್ಮಜ್ಜಿ ನಡೆದು ಬರುತ್ತಿದ್ದಳು.

ಸೀರೆಯನ್ನು ಮೊಣಕಾಲಿಗಿಂತ ಮೇಲೆ ಎತ್ತಿ ಕಟ್ಟಿದ್ದಳು. ಅವಳ ಎಡಕ್ಕೂ ಬಲಕ್ಕೂ ಆಳವಾದ ನೀರು; ಅವಳಿಗೆ ಮಾತ್ರ ತೊಡೆಮಟ್ಟ. ಹೊಲಕ್ಕೆ ಬುತ್ತಿ ಒಯ್ಯುವವಳ ಹಾಗೆ, ಅವಸರವಿಲ್ಲದೆ ಬರುತ್ತಿದ್ದಳು. ದೇವರನ್ನು ನಂಬದ ಮನೆಯ ಹುಡುಗಿ ನಾನು, ನನ್ನ ಮೈ ಜುಮ್ಮೆಂದಿತು. ಆಮೇಲೆ ಅರ್ಥವಾಯಿತು. ಅವಳ ಕಾಲ ಕೆಳಗೆ ಬಂಡಿ ಜಾಡು ಇತ್ತು. ಹೊಲಕ್ಕೆ ಹೋಗಲು ಮಣ್ಣು ಹಾಕಿ ಎತ್ತರಿಸಿದ್ದ ಆ ಹಾದಿಯಲ್ಲಿ ಅವಳು ಇಡೀ ಆಯುಷ್ಯ ನಡೆದಿದ್ದಳು; ಎಲ್ಲಿ ತಿರುಗುತ್ತದೆ, ಎಲ್ಲಿ ತಗ್ಗು ಎಂದು ಅವಳ ಪಾದಕ್ಕೆ ಬಾಯಿಪಾಠ. ಕೂಗಿ ಊರು ಸೇರಿಸಿದ್ದರೆ ನಾಲ್ಕು ಜನ ಓಡಿ ಬರುತ್ತಿದ್ದರು. ಹಾಗೆ ಬಂದವರಲ್ಲಿ ಶೇಖರಪ್ಪನವರ ಕಡೆಯವರೂ ಇರುತ್ತಿದ್ದರು. ಅವಳು ಕೂಗಲಿಲ್ಲ.

ಜಾಲಿ ಇದ್ದದ್ದು ಜಾಡಿನ ಮಗ್ಗುಲಿಗೇ. ಕೊಂಬೆ ಮುರಿದು ಕಡಗ ಬಿಡಿಸಿ, ಎಮ್ಮೆಯ ಕೊಂಬು ಹಿಡಿದ ಹಾಗೆ ಹಿಡಿದು, ನಮ್ಮನ್ನು ಎಳೆದುಕೊಂಡು ಹೊರಟಳು. ದಾರಿಯುದ್ದಕ್ಕೂ ಮೊಮ್ಮಗನಿಗೆ ಒಂದೇ ಮಾತು, "ಮನಿಗೆ ಬಾ, ನಿನಗ ಐತಿ." ಮಾಬುವಿಗೆ, "ನಿಮ್ಮ ಅಂಗಡ್ಯಾಗ ಟ್ಯೂಬ್ ಇರಲಿಲ್ಲೇನೋ ಬಾಡ್ಯಾ, ಕೊಪ್ಪರಿಗೀನ ಬೇಕಿತ್ತಾ?" ಆಮೇಲೆ ನನ್ನ ಕಡೆ ತಿರುಗಿದಳು. ನಾನು ಕಾಯುತ್ತಿದ್ದೆ.

"ಕಂಡಕ್ಟರ್ ದುರುಗಪ್ಪನ ಮಗಳಲ್ಲೇನು?"

"ಹೌದ್ರಿ."

"ಟಿಕೆಟ್ ತಗೊಂಡೀಯೋ, ಹಂಗ ಹತ್ತೀಯೋ?"

ಮಾಬು ಕಿಸಕ್ಕನೆ ನಕ್ಕ. ನನಗೆ ನಗು ಬರಲಿಲ್ಲ. ದಂಡೆಯಲ್ಲಿ ಇಳಿದ ಮೇಲೆ, ಸುಮ್ಮನಿದ್ದು ಮನೆಗೆ ಓಡಬಹುದಾಗಿದ್ದಾಗ, ನನ್ನ ಬಾಯಿ ತನ್ನಷ್ಟಕ್ಕೆ ಹೇಳಿತು: "ಅಜ್ಜಿ, ನಾ ಇದರೊಳಗ ಕುಂತಿದ್ದೆ ರಿ."

"ಕುಂತಿದ್ದಿ. ಈಗ ಮತ್ತ ಇಳಿ."

"ರೀ?"

"ತಳಕ್ಕ ನನ್ನ ಕೈ ಮುಟ್ಟಂಗಿಲ್ಲ. ಇವನು ತಿಕ್ಕಿದ್ರ ಬೆಕ್ಕು ನೆಕ್ಕಿದಂಗ. ನೀ ಒಳಗ ಇಳಿದು ಬೂದಿ ಹಾಕಿ ತಿಕ್ಕು. ಹ್ಯಾಂಗೂ ಹಾದಿ ಗೊತ್ತೈತಲ್ಲ."

ಬೇಡ ಎಂದು ಹೇಳಲು ನನಗೆ ಕಾರಣಗಳಿದ್ದವು. ಆದರೂ ಇಳಿದೆ. ಹೊತ್ತು ಇಳಿಯುವವರೆಗೆ ನಾನು ಒಳಗೆ ಬೂದಿ ಹಚ್ಚಿ ತಿಕ್ಕಿದೆ, ಹುಡುಗರಿಬ್ಬರು ಹೊರಮೈಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಕಡಗದ ಹತ್ತಿರ ಜಾಲಿ ಮುಳ್ಳಿನ ಗೀರೊಂದು ಬಿದ್ದಿತ್ತು. ಅಜ್ಜಿ ಅದರ ಮೇಲೆ ಹೆಬ್ಬೆರಳಾಡಿಸಿ, ಬಹಳ ಹೊತ್ತು ಹುಳಿ ಹಚ್ಚಿ ಉಜ್ಜಿ, ಇಲ್ಲವೆನ್ನಿಸಿದಳು. ಕೊನೆಗೆ ನೀರು ಹೊಯ್ದಾಗ ಕೊಪ್ಪರಿಗೆ ಸಂಜೆಯ ಸೂರ್ಯನಿಗೆ ಎದುರುತ್ತರ ಕೊಡುವಂತೆ ಹೊಳೆಯಿತು.

ಮರುದಿನ ಏರಿಯ ಮೇಲೆ ಊಟದ ಪಂಕ್ತಿ ಕೂತಿತು. ಹುಗ್ಗಿ ಬಡಿಸುತ್ತಿದ್ದರು. ನಾನು ನಮ್ಮ ಪಂಕ್ತಿಗೆ ಕರೆ ಬರುವುದನ್ನು ಕಾಯುತ್ತ ನೀರಿನ ಹಂಡೆಯ ಹತ್ತಿರ ನಿಂತಿದ್ದೆ. ಶೇಖರಪ್ಪನವರು ಕೊಪ್ಪರಿಗೆಯ ಕಡೆ ನೋಡಿ, "ಈ ಸಲ ಭಾಳ ಛಲೋ ಬೆಳಗಿಸೀಯಲ್ಲಬೇ ಹಾಲಮ್ಮ. ನಿನ್ನ ಕೈಲೆ ಆಗೋ ಕೆಲಸ ಅಲ್ಲ ಬಿಡು ಇದು. ಯಾರಿಂದ ತಿಕ್ಕಿಸಿದಿ?" ಎಂದರು.

ಹಾಲಮ್ಮಜ್ಜಿ ಸೌಟು ಕೆಳಗಿಡಲಿಲ್ಲ. "ಹೊರಗ ನಮ್ಮ ಕೊಟ್ರೇಶಿ, ಪಂಚರ್ ಸಾಬರ ಮಾಬು. ಒಳಗ ಇಳಿದು ತಳ ತಿಕ್ಕಿದಾಕಿ ಕಂಡಕ್ಟರ್ ದುರುಗಪ್ಪನ ಮಗಳು, ಸುಜಾತ."

ಶೇಖರಪ್ಪನವರ ತುತ್ತು ಎಲೆಗೂ ಬಾಯಿಗೂ ನಡುವೆ ನಿಂತಿತು.  ಇಬ್ಬರು ಎಲೆ ಮಡಚಿ ಎದ್ದರು. ಉಳಿದವರು ಎದ್ದವರನ್ನೂ ಎಲೆಯನ್ನೂ ಮತ್ತೆ ಮತ್ತೆ ನೋಡಿದರು. ಹುಗ್ಗಿಯ ಮೇಲೆ ತುಪ್ಪ ಕರಗುತ್ತಿತ್ತು. ಕೊನೆಗೆ ಶೇಖರಪ್ಪನವರ ತುತ್ತು ಬಾಯಿಗೇ ಹೋಯಿತು. ಅವರು ಇನ್ನೊಂದು ಸೌಟು ಹಾಕಿಸಿಕೊಂಡರು ಎಂಬುದನ್ನೂ ನ್ಯಾಯವಾಗಿ ಹೇಳಬೇಕು.

ಯುಗಾದಿಗೆ ಮೊದಲು ದೈವದವರು ಕಟ್ಟೆಗೆ ಕೂತು ಕೀಲಿಯನ್ನು ಶೇಖರಪ್ಪನವರ ತಮ್ಮನ ಮಗನಿಗೆ ಕೊಟ್ಟರು. ಯಾರೂ ಯಾರ ಹೆಸರನ್ನೂ ಎತ್ತಲಿಲ್ಲ. ಹಾಲಮ್ಮನಿಗೆ ವಯಸ್ಸಾಯಿತು, ಕಣ್ಣು ಮಂಜಾಗಿದೆ, ಪಾತ್ರೆ ಎಣಿಸಲು ಕಷ್ಟ, ಅಷ್ಟೇ. ನಾನು ಮನೆಯಲ್ಲಿ ಹಾರಾಡಿದೆ. ಅಪ್ಪ ಟಿಕೆಟ್ ಚೀಲ ಗೂಟಕ್ಕೆ ಹಾಕಿ, "ನಿನ್ನಿಂದ ಹೋತು ಅನ್ನಾಕ ಪುರಾವೆ ಏನೈತವ್ವ?" ಎಂದರು. ಇರಲಿಲ್ಲ. ಇವತ್ತಿಗೂ ಯಾವ ವೇದಿಕೆಯಲ್ಲೂ ಈ ವಾದವನ್ನು ನಾನು ಗೆಲ್ಲಲಾರೆ.

ಮಾರನೆಯ ದಿನ ಹಾಲಮ್ಮಜ್ಜಿಯ ಮನೆಗೆ ಹೋದೆ. ಹೊರಗಿನ ಕಟ್ಟೆಯ ಮೇಲೆ ಹಳೆಯ ಸೀರೆಗಳನ್ನು ಹರವಿಕೊಂಡು ಕೌದಿ ಹೊಲಿಯುತ್ತಿದ್ದಳು. ಸೊಂಟ ಖಾಲಿ ಇತ್ತು.

"ಅಜ್ಜಿ, ಹುಡುಗರು ತಿಕ್ಯಾವು ಅಂದಿದ್ರ ಮುಗೀತಿತ್ತಲ್ರಿ. ನನ್ನ ಹೆಸರು ಯಾಕ ಹೇಳಿದ್ರಿ?"

ದಾರ ಮುಗಿದಿತ್ತು. ಉಂಡೆಯಿಂದ ಹೊಸದು ಎಳೆದು ಹಲ್ಲಿನಿಂದ ಕಡಿದಳು.

"ತಿಕ್ಕಿದಾಕಿ ನೀನು. ಬ್ಯಾರೆ ಯಾರ ಹೆಸರು ಹೇಳ್ಲಿ?" ಎಂದು, ನನ್ನ ಮುಖವನ್ನೇ ನೋಡುತ್ತ ಎಳೆಯ ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯನ್ನು ಬೆಳಕಿಗೆ ಹಿಡಿದು ಪೋಣಿಸಿದಳು. ಒಂದೇ ಸಲಕ್ಕೆ.